ದೀಪದ ಬುಡದ ಕತ್ತಲೆಯನ್ನೂ ಕಂಡ ನೈಟಿಂಗೇಲ್

ಪ್ರತಿವರ್ಷ ಮೇ 12ರಂದು ಆಸ್ಪತ್ರೆಗಳಲ್ಲಿ ದಾದಿಯರ ದಿನ ಆಚರಿಸಿ, ಫ್ಲಾರೆನ್ಸ್ ನೈಟಿಂಗೇಲ್ ಅವರನ್ನು ಸ್ಮರಿಸುವುದು ವಾಡಿಕೆ. ದೀಪ ಹಿಡಿದು ಗಾಯಾಳುಗಳ ನಡುವೆ ನಡೆದ ಕರುಣಾಮಯಿಯ ಚಿತ್ರ ಎಲ್ಲರಿಗೂ ಪರಿಚಿತ. ಆದರೆ ಆ ದೀಪ ವಾರ್ಡಿನೊಳಗೆ ಹೋಗಲು ವೈದ್ಯರ ಅಪ್ಪಣೆ ಬೇಕಾಗಿತ್ತು, ಅದು ಸುಲಭವಾಗಿ ಸಿಗಲಿಲ್ಲ ಎಂಬುದು ಅಷ್ಟಾಗಿ ಪ್ರಚಾರ ಪಡೆದಿಲ್ಲ.

1820ರಲ್ಲಿ ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಸಿರಿವಂತ ಆಂಗ್ಲ ದಂಪತಿಗೆ ಜನಿಸಿದ ಆಕೆ, 1845ರಲ್ಲಿ ಸಾಲ್ಸ್‌ಬರಿಯ ಆಸ್ಪತ್ರೆಯಲ್ಲಿ ಕೆಲಸ ಕಲಿಯುವ ಇಚ್ಛೆ ವ್ಯಕ್ತಪಡಿಸಿದಾಗ ಮನೆಯವರು ಹೌಹಾರಿದರು. ಅಂದಿನ ಇಂಗ್ಲೆಂಡಿನಲ್ಲಿ ದಾದಿಯ ಸ್ಥಾನ ಮನೆಗೆಲಸದವಳದ್ದು. ಕುಡುಕಿ ಎಂಬ ಅಪಖ್ಯಾತಿ ಬೇರೆ. ಹಟ ಬಿಡದೆ 1851ರಲ್ಲಿ ಜರ್ಮನಿಯ ಕೈಸರ್ಸ್‌ವರ್ತ್‌ನಲ್ಲಿ ಮೂರು ತಿಂಗಳು ತರಬೇತಿ ಪಡೆದರು.

ಕ್ರಿಮಿಯಾ ಯುದ್ಧದ ಗಾಯಾಳುಗಳ ದುಃಸ್ಥಿತಿಯನ್ನು ಪತ್ರಿಕೆಗಳು ಬಯಲು ಮಾಡಿದಾಗ, 1854ರ ಅಕ್ಟೋಬರ್‌ನಲ್ಲಿ ಸರಕಾರ ಆಕೆಯನ್ನು 38 ಮಹಿಳೆಯರೊಂದಿಗೆ ಟರ್ಕಿಯ ಸ್ಕುಟಾರಿಗೆ ಕಳುಹಿಸಿತು. ಅಲ್ಲಿನ ಸೇನಾ ವೈದ್ಯರಿಗೆ ಇವರು ಬೇಡದ ಅತಿಥಿಗಳು. ಕೆಲಸ ಕೊಡದೆ ಕೂರಿಸಿದರು. ನೈಟಿಂಗೇಲ್ ಜಗಳಕ್ಕೆ ನಿಲ್ಲಲಿಲ್ಲ. ವೈದ್ಯರು ಕರೆಯುವವರೆಗೆ ಯಾರೂ ರೋಗಿಯನ್ನು ಮುಟ್ಟಕೂಡದೆಂದು ತಮ್ಮವರಿಗೇ ಕಟ್ಟಪ್ಪಣೆ ಮಾಡಿದರು. ಕಣ್ಣೆದುರು ಸೈನಿಕರು ನರಳುತ್ತಿರುವಾಗ ಪಟ್ಟಿ ಹೊಲಿಯುತ್ತ ಕುಳಿತ ದಾದಿಯರಿಗೆ ತಮ್ಮ ನಾಯಕಿಯ ಮೇಲೆಯೇ ಸಿಟ್ಟು ಬಂದುದು ಸಹಜ. ಇಂಕರ್‌ಮನ್ ಕದನದ ಗಾಯಾಳುಗಳು ಪ್ರವಾಹದಂತೆ ಬಂದಾಗಲಷ್ಟೇ ವೈದ್ಯರು ಬಾಗಿಲು ತೆರೆದರು. ರಾತ್ರಿ 8ರ ನಂತರ ದಾದಿಯರು ವಾರ್ಡಿನಲ್ಲಿ ಇರಕೂಡದೆಂಬ ನಿಯಮವೂ ಆಕೆಯದೇ. ರಾತ್ರಿಯ ಆ ದೀಪ ಒಂಟಿಯಾಗಿದ್ದುದಕ್ಕೆ ಇದೂ ಒಂದು ಕಾರಣ!

ಕಿರುಕುಳ ಅಲ್ಲಿಗೇ ನಿಲ್ಲಲಿಲ್ಲ. ಕ್ರಿಮಿಯಾದ ವೈದ್ಯಾಧಿಕಾರಿ ಜಾನ್ ಹಾಲ್, ನೇಮಕದ ಆದೇಶದಲ್ಲಿ ಟರ್ಕಿಯ ಹೆಸರು ಮಾತ್ರ ಇದೆ, ಕ್ರಿಮಿಯಾದಲ್ಲಿ ಆಕೆಗೆ ಅಧಿಕಾರವಿಲ್ಲ ಎಂಬ ತಕರಾರು ತೆಗೆದರು. 1855ರ ಮೇ ತಿಂಗಳಲ್ಲಿ ಬಾಲಕ್ಲಾವಕ್ಕೆ ಹೋದ ಆಕೆ ಜ್ವರದಿಂದ ಸಾವಿನಂಚಿಗೆ ಹೋಗಿಬಂದರು. ದಾದಿಯರ ಮೇಲೆ ಕುಡಿತ, ಅವಿಧೇಯತೆಯ ಆರೋಪ ಹೊರಿಸುವ ಗೋಪ್ಯ ವರದಿಯೂ ಲಂಡನ್ ತಲುಪಿತು. ಅಧಿಕಾರ ಖಚಿತಪಡಿಸುವ ಸೇನಾದೇಶ ಹೊರಟಿದ್ದು 1856ರ ಮಾರ್ಚ್‌ನಲ್ಲಿ, ಯುದ್ಧ ಮುಗಿಯುವ ಹೊತ್ತಿಗೆ. ಹಾಲ್ ಅವರಿಗೆ ಅದೇ ವರ್ಷ ಸರ್ ಪದವಿ ದೊರೆಯಿತು.

ಸಾರ್ವಜನಿಕರು ನೀಡಿದ ಸುಮಾರು 45,000 ಪೌಂಡ್ ನಿಧಿಯಿಂದ 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ದಾದಿಯರ ಶಾಲೆ ಆರಂಭವಾಯಿತು. ಅನಾರೋಗ್ಯ ಮತ್ತು ಸೇನಾ ಸುಧಾರಣೆಯ ಕೆಲಸಗಳ ನಡುವೆ ನೈಟಿಂಗೇಲ್ ಶಾಲೆಯ ದೈನಂದಿನ ಆಡಳಿತದಿಂದ ದೂರ ಉಳಿದರು. ಸುಮಾರು ಒಂದು ದಶಕದ ನಂತರ ಹತ್ತಿರದಿಂದ ನೋಡಿದಾಗ ಆಘಾತ ಕಾದಿತ್ತು. ಮೇಟ್ರನ್ ವಾರ್ಡ್‌ರೋಪರ್ ಅವರ ಮಾತೇ ಕಾನೂನು. ವಿದ್ಯಾರ್ಥಿನಿಯರು ವಾರ್ಡಿನ ದುಡಿಮೆಯಲ್ಲಿ ಬಸವಳಿದಿದ್ದರು. ಪಾಠ ಹೇಳಬೇಕಾದ ವೈದ್ಯರು ಪಾಠವನ್ನೇ ನಿಲ್ಲಿಸಿದ್ದರು. ಅನೇಕರು ಬಿಟ್ಟುಹೋಗಿದ್ದರು. ವಿಧೇಯತೆಯನ್ನೇ ಬುನಾದಿಯಾಗಿಸಿದ ವ್ಯವಸ್ಥೆಗೆ ಇದು ಅನಿರೀಕ್ಷಿತವೇನಲ್ಲ ಎನ್ನಬೇಕು.

1872ರಿಂದ ನೈಟಿಂಗೇಲ್ ಸ್ವತಃ ಮುಂದಾದರು. ವಿದ್ಯಾರ್ಥಿನಿಯರನ್ನು ಒಬ್ಬೊಬ್ಬರನ್ನಾಗಿ ಮನೆಗೆ ಕರೆಸಿ ಅಹವಾಲು ಕೇಳಿದರು, ಟಿಪ್ಪಣಿ ಬರೆದಿಟ್ಟರು. ಮೇಟ್ರನ್ ಜತೆಗೆ ವಿದ್ಯಾರ್ಥಿನಿಯರ ಯೋಗಕ್ಷೇಮ ಮತ್ತು ಕಲಿಕೆ ನೋಡಿಕೊಳ್ಳಲು ಹೋಮ್ ಸಿಸ್ಟರ್ ಎಂಬ ಹುದ್ದೆಗೆ ಬಲ ಬಂತು. ಹೊಸ ಬೋಧಕ ವೈದ್ಯರು ಬಂದರು. ದೂರದ ಆಸ್ಪತ್ರೆಗಳಿಗೆ ಹೋದವರಿಗೂ ಪತ್ರ ಬರೆದು ಧೈರ್ಯ ತುಂಬಿದರು. ದೀಪದ ಕತೆಗಿಂತ ಹಿರಿದಾದ ಈ ಕೆಲಸಕ್ಕೆ ಚಿತ್ರಗಳೂ ಇಲ್ಲ, ಪದ್ಯಗಳೂ ಇಲ್ಲ.

ಆದರೂ ದಾದಿಯರಿಗೆ ಸರಕಾರಿ ನೋಂದಣಿ ಬೇಕೆಂದು 1887ರಲ್ಲಿ ಬೆಡ್‌ಫೋರ್ಡ್ ಫೆನ್‌ವಿಕ್ ಸಂಘ ಕಟ್ಟಿದಾಗ ನೈಟಿಂಗೇಲ್ ಬಲವಾಗಿ ವಿರೋಧಿಸಿದರು. ಪರೀಕ್ಷೆಯಿಂದ ಗುಣ ಅಳೆಯಲಾಗದು ಎಂಬುದು ಅವರ ವಾದ. ಮೇಟ್ರನ್ ಮರ್ಜಿಯ ಹೊರಗೆ ದಾದಿಗೊಂದು ಸ್ವಂತ ಸ್ಥಾನ ಕೊಡಬಹುದಾಗಿದ್ದ ಕಾಗದ ಅದು. 1910ರ ಆಗಸ್ಟ್ 13ರಂದು ಅವರು ತೀರಿಕೊಂಡರು. ಬ್ರಿಟನ್ನಿನಲ್ಲಿ ನೋಂದಣಿ ಕಾಯ್ದೆ ಬಂದದ್ದು 1919ರಲ್ಲಿ.