ಗಾನಯೋಗಿ ಪಂಚಾಕ್ಷರ ಗವಾಯಿಗಳು

ಆದವಾನಿಯಿಂದ ಗುಂತಕಲ್ಲು, ಬಳ್ಳಾರಿ, ಹೊಸಪೇಟೆಗಳ ಮೇಲೆ ರೈಲಿನಲ್ಲಿ ಹೋದರೆ ಗದಗು ಬರುತ್ತದೆ. ಅಲ್ಲಿಯ ವೀರೇಶ್ವರ ಪುಣ್ಯಾಶ್ರಮವು ಅಂಧ ಮಕ್ಕಳಿಗೆ ಅನ್ನವನ್ನೂ ಸಂಗೀತ ವಿದ್ಯೆಯನ್ನೂ ಕೊಡುವ ಸ್ಥಳ. ಅದನ್ನು ಕಟ್ಟಿದ ಪಂಚಾಕ್ಷರ ಗವಾಯಿಗಳೂ ಅಂಧರೇ ಆಗಿದ್ದರು.

ಅವರು 1892ರಲ್ಲಿ ಹಾನಗಲ್ಲು ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಜನಿಸಿದರು. ತಂದೆ ಗುರುಪಾದಯ್ಯನವರು, ತಾಯಿ ನೀಲಮ್ಮನವರು. ಬಾಲ್ಯದ ಹೆಸರು ಗದಿಗೆಯ್ಯ. ಅಣ್ಣ ಗುರುಬಸವಯ್ಯನಿಗೂ ಕಣ್ಣು ಕಾಣುತ್ತಿರಲಿಲ್ಲ. ಒಂದೇ ಮನೆಯಲ್ಲಿ ಇಬ್ಬರು ಅಂಧ ಮಕ್ಕಳು! ಆದರೆ ಇಬ್ಬರ ಕಂಠವೂ ಇಂಪಾಗಿತ್ತು. ಹಾನಗಲ್ಲ ಕುಮಾರಸ್ವಾಮಿಗಳು ಅವರ ಹಾಡು ಕೇಳಿ ಮೆಚ್ಚಿ, ಮಕ್ಕಳನ್ನು ತಮಗೆ ಒಪ್ಪಿಸಬೇಕೆಂದು ಹೆತ್ತವರನ್ನು ಕೇಳಿದರು. ಅವರು ಒಪ್ಪಿದರು.

ಇದನ್ನು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗುವುದು ವಾಡಿಕೆ. ನಮಗಾದರೋ ಇದೇ ದೊಡ್ಡ ಘಟನೆಯೆನಿಸುತ್ತದೆ. ಕಣ್ಣು ಕಾಣದ ಮಗು ಯಾವ ಸದ್ದಿಗೆ ಬೆಚ್ಚುತ್ತದೆ, ಯಾವುದಕ್ಕೆ ನಗುತ್ತದೆ ಎಂಬುದು ಹೆತ್ತವರಿಗೆ ಗೊತ್ತು; ಆ ಮಗು ಏನು ಕಲಿಯಬಲ್ಲದೆಂಬುದು ಗುರುವಿಗೆ ಗೊತ್ತು. ಇವರಿಬ್ಬರೂ ಕೂತು ಮಾತನಾಡದಿದ್ದರೆ ಗದಿಗೆಯ್ಯ ಹಳ್ಳಿಯಲ್ಲಿಯೇ ಉಳಿಯುತ್ತಿದ್ದನೋ ಏನೋ.

ಮುಂದೆ ಅವರು ಮೈಸೂರಿನಲ್ಲಿ ಕರ್ನಾಟಕ ಸಂಗೀತವನ್ನೂ, ಮಿರಜದ ನೀಲಕಂಠಬುವಾ ಅವರಲ್ಲಿ ಹಿಂದೂಸ್ಥಾನಿ ಸಂಗೀತವನ್ನೂ ಕಲಿತು, ಅಂಧರಿಗೂ ಅನಾಥರಿಗೂ ವಿದ್ಯೆ ಕೊಡುವುದಕ್ಕೆ ಬಾಳನ್ನು ಮೀಸಲಿಟ್ಟರು. ಮೊದಲು ಅವರ ಪಾಠಶಾಲೆಗೆ ನೆಲೆಯಿರಲಿಲ್ಲ. ಶಿಷ್ಯರೊಡನೆ ಊರೂರು ಸಂಚರಿಸುತ್ತ, ಭಕ್ತರು ಕೊಟ್ಟುದರಲ್ಲಿ ಮಕ್ಕಳನ್ನು ಸಾಕಿದರು. ನಾಟಕ ಕಂಪನಿಯನ್ನೂ ನಡೆಸಿದರು. ಕಷ್ಟದ ಬದುಕೇ ಸರಿ. ಆದರೆ ಶಾಲೆಯೇ ಊರ ಬಾಗಿಲಿಗೆ ಬಂದಾಗ, ಅಂಧ ಹುಡುಗರು ಏನು ಕಲಿಯಬಲ್ಲರೆಂಬುದನ್ನು ಅಲ್ಲಿಯ ತಂದೆತಾಯಿಗಳು ಕಿವಿಯಾರೆ ಕೇಳಬಹುದಾಗಿತ್ತು. ಇದಕ್ಕಿಂತ ಒಳ್ಳೆಯ ಪ್ರಗತಿಪತ್ರ ಯಾವುದಿದೆ?

1914ರಲ್ಲಿ ಅದೇ ತಾಲೂಕಿನ ದೇವಗಿರಿಯಲ್ಲಿ ಹುಟ್ಟಿದ ಪುಟ್ಟರಾಜನೆಂಬ ಬಾಲಕನು ಎಳವೆಯಲ್ಲಿಯೇ ಕಣ್ಣು ಕಳೆದುಕೊಂಡು ಸೋದರಮಾವ ಚಂದ್ರಶೇಖರಯ್ಯನವರ ಆಶ್ರಯದಲ್ಲಿದ್ದ. ಮಾವನ ಹಾರ್ಮೋನಿಯಂ ಮೇಲೆ ಹುಡುಗ ತಾನಾಗಿಯೇ ಬೆರಳಾಡಿಸುವುದನ್ನು ಕಂಡ ಮಾವ ಗದರಲಿಲ್ಲ. ಗವಾಯಿಗಳ ಬಳಿಗೆ ಕರೆತಂದರು. ಮನೆಯವರು ಗಮನಿಸಿದ್ದನ್ನು ಗುರುಗಳು ಕೈಗೆತ್ತಿಕೊಂಡು ಬೆಳೆಸಿದರು.

ಕಣ್ಣಿದ್ದವರೂ ಅವರಲ್ಲಿ ಕಲಿತರು. ಬಸವರಾಜ ರಾಜಗುರು ಅವರೂ, ತುಂಗಭದ್ರೆಯ ಆಚೆಯ ರಾಯಚೂರು ಜಿಲ್ಲೆಯ ಸಿದ್ಧರಾಮ ಜಂಬಲದಿನ್ನಿಯವರೂ ಅವರ ಶಿಷ್ಯರೇ.

ಗವಾಯಿಗಳು 1944ರಲ್ಲಿ ಲಿಂಗೈಕ್ಯರಾದರು. ಆಶ್ರಮದ ಹೊಣೆ ಪುಟ್ಟರಾಜರ ಹೆಗಲಿಗೆ ಬಂತು. 2010ರಲ್ಲಿ ತೀರಿಕೊಳ್ಳುವವರೆಗೂ, ಅರುವತ್ತಾರು ವರುಷ, ಅವರು ಆ ಹೊಣೆಯನ್ನು ಹೊತ್ತರು.