ಹಲಸಂಗಿಯ ಮಧುರಚೆನ್ನರು

ಶಾಸ್ತ್ರವನ್ನು ಓದುವವರು ನಮ್ಮಲ್ಲಿ ಅನೇಕರುಂಟು. ಓದಿದ ಮಾತಿಗೆ ತಮ್ಮ ಅಂತರಂಗದ ಕದವನ್ನು ತೆರೆಯುವವರು ಕೆಲವರೇ. ಒಬ್ಬನೇ ಕುಳಿತು ಮಾಡಲು ಕಷ್ಟವಾದ ಈ ಕೆಲಸವು ನಾಲ್ವರು ಗೆಳೆಯರು ಕೂಡಿದಲ್ಲಿ ಸಾಧ್ಯವಾಗುವದೆಂಬದಕ್ಕೆ ನಮ್ಮ ವಿಜಯಪುರ ಸೀಮೆಯಲ್ಲಿಯೇ ಒಂದು ದೃಷ್ಟಾಂತವುಂಟು. ಈ ಚರಿತ್ರೆಯ ಪುರುಷರು ನಮ್ಮ ಸಭೆಗೆ ಸೇರಿದವರಲ್ಲ. ಅವರು ನಡೆದ ದಾರಿಯೂ ಬೇರೆ. ಆದಾಗ್ಯೂ ಸತ್ಯಕ್ಕಾಗಿ ಹಸಿದವರ ನಡತೆಯಿಂದ ನಾವು ಕಲಿಯತಕ್ಕದ್ದು ಬಹಳವಿದೆ.

ಚೆನ್ನಮಲ್ಲಪ್ಪ ಗಲಗಲಿ ಎಂಬುದು ಇವರ ಮನೆಯ ಹೆಸರು. ಮಧುರಚೆನ್ನ ಎಂಬುದು ಕಾವ್ಯದ ಹೆಸರು. ಇಂಡಿ ಸೀಮೆಯ ಹಿರೇಲೋಣಿಯಲ್ಲಿ 1903ನೆಯ ಇಸವಿ ಜುಲೈ 31ರಂದು ಹುಟ್ಟಿದರು. ಬೆಳೆದದ್ದೂ ಬಾಳಿದ್ದೂ ಹಲಸಂಗಿಯಲ್ಲಿ. ಶಾಲೆಯ ಓದು ಮುಲ್ಕಿ ಪರೀಕ್ಷೆಗೆ ನಿಂತಿತು. ಆದರೆ ಶಾಲೆ ಮುಗಿದ ದಿನವೇ ಪುಸ್ತಕವನ್ನು ಕಟ್ಟಿಡುವ ಜಾತಿಯವರು ಇವರಲ್ಲ. ಸ್ವಂತ ದುಡಿಮೆಯಿಂದ ಇಂಗ್ಲಿಷನ್ನೂ ಸಂಸ್ಕೃತವನ್ನೂ ಕಲಿತರು.

ಆ ದಿನಗಳಲ್ಲಿ ನಮ್ಮ ಜಿಲ್ಲೆಯಲ್ಲಿ ಒಂದು ದೊಡ್ಡ ಕಾರ್ಯ ನಡೆದಿತ್ತು. ವಿಜಯಪುರದ ವಕೀಲರಾದ ಫ. ಗು. ಹಳಕಟ್ಟಿಯವರು ತಾಳೆಗರಿಗಳಲ್ಲಿ ಮುಚ್ಚಿಹೋಗಿದ್ದ ಶರಣರ ವಚನಗಳನ್ನು ಹುಡುಕಿ ಕೂಡಿಸಿ, ‘ವಚನಶಾಸ್ತ್ರಸಾರ’ದ ಮೊದಲನೆಯ ಭಾಗವನ್ನು 1923ರಲ್ಲಿ ಅಚ್ಚಿನಲ್ಲಿ ಹೊರತಂದರು. ಬಾಗೇವಾಡಿಯ ಬಸವಣ್ಣನವರೂ ಅವರ ಸಂಗಡಿಗರೂ ಹನ್ನೆರಡನೆಯ ಶತಮಾನದಲ್ಲಿ ಆಡಿದ ಮಾತುಗಳು ಅಕ್ಷರ ಬಲ್ಲ ಹಳ್ಳಿಯವನ ಕೈಗೂ ಬಂದವು. ಆದರೆ ಮಾತು ಕೈಗೆ ಬಂದ ಮಾತ್ರಕ್ಕೆ ಹೃದಯಕ್ಕೆ ಬಂದಂತಾಗುವದಿಲ್ಲ. ಹಿರಿಯರು ಕಂಡದ್ದು ನನಗೆ ಕಾಣದಿರುವದೇಕೆ, ದೇವರಿದ್ದಾನೆಂಬದನ್ನು ನಾನೇ ಅರಿಯುವದು ಹೇಗೆ ಎಂಬ ಪ್ರಶ್ನೆಯು ಮಧುರಚೆನ್ನರನ್ನು ಹಿಡಿಯಿತು, ಬಿಡಲಿಲ್ಲ.

ಈ ಶೋಧನೆಯಲ್ಲಿ ಅವರು ಒಂಟಿಯಾಗಿರಲಿಲ್ಲ. ಚಡಚಣದ ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ ಮೊದಲಾದವರು ಅವರ ಸಂಗಡ ಕೂಡಿದರು. ನಾಡು ಇವರನ್ನು ಹಲಸಂಗಿ ಗೆಳೆಯರೆಂದು ಕರೆಯಿತು. ಕುಲವೂ ಮತವೂ ಈ ಕೂಟದ ಬಾಗಿಲಲ್ಲಿ ಅಡ್ಡ ನಿಲ್ಲಲಿಲ್ಲ, ಧೂಲಾಸಾಹೇಬರು ಮುಸಲ್ಮಾನರು. ಬೀಸುವ ಕಲ್ಲಿನ ಮುಂದೆ ಹೆಣ್ಣುಮಕ್ಕಳು ಹಾಡುತ್ತಿದ್ದ ತ್ರಿಪದಿಗಳನ್ನು ಇವರು ಕೇಳಿ ಬರೆದುಕೊಂಡರು. ಅವು 1931ರಲ್ಲಿ ‘ಗರತಿಯ ಹಾಡು’ ಎಂಬ ಪುಸ್ತಕವಾದವು. ಅಕ್ಷರವರಿಯದ ತಾಯಂದಿರ ಬಾಯಲ್ಲಿಯೂ ಭಕ್ತಿಯ ಮಾತು ಜೀವಂತವಾಗಿದೆಯೆಂದು ಕಂಡುಕೊಂಡದ್ದು ಸಣ್ಣ ಮಾತಲ್ಲ. ಧಾರವಾಡದ ಕವಿ ದ. ರಾ. ಬೇಂದ್ರೆಯವರ ಸ್ನೇಹವೂ ಇವರಿಗೆ ದೊರಕಿತು.

ಹೊರಗೆ ಕೆಲಸವು ಹೀಗೆ ಸಾಗುತ್ತಿದ್ದರೂ ಒಳಗೆ ಮಧುರಚೆನ್ನರು ಕತ್ತಲೆಯನ್ನು ಹಾದುಹೋಗಬೇಕಾಯಿತು. ಇದನ್ನು ಅವರು ಮುಚ್ಚಿಡಲಿಲ್ಲ. ತಮ್ಮ ಅಂತರಂಗದ ಚರಿತ್ರೆಯನ್ನು ಬರೆದು ಅದರ ಭಾಗಗಳಿಗೆ ‘ಪೂರ್ವರಂಗ’, ‘ಕಾಳರಾತ್ರಿ’, ‘ಬೆಳಗು’ ಎಂದು ಹೆಸರಿಟ್ಟರು. ವಾಚಕರೇ, ಹೆಸರುಗಳನ್ನೇ ಆಲೋಚಿಸಿರಿ. ಬೆಳಗನ್ನು ಕುರಿತು ಬರೆಯುವವರು ಬಹು ಮಂದಿ. ತನ್ನ ಕಾಳರಾತ್ರಿಯನ್ನು ಊರಿನವರ ಮುಂದೆ ಒಪ್ಪಿಕೊಳ್ಳುವವನು ಎಷ್ಟು ವಿರಳ! 1933ರಲ್ಲಿ ಬಂದ ‘ನನ್ನ ನಲ್ಲ’ ಎಂಬ ಕಾವ್ಯದಲ್ಲಿ ಅವರು ದೇವರನ್ನು ನಲ್ಲನೆಂದೂ ತಮ್ಮ ಆತ್ಮವನ್ನು ಆತನಿಗಾಗಿ ಹಂಬಲಿಸುವವಳೆಂದೂ ಭಾವಿಸಿದರು. ಶರಣರು ನಡೆದ ದಾರಿಯೇ ಇದು. ಸಭೆಯನ್ನು ಮದಲಗಿತ್ತಿಯೆಂದು ಓದಿ ಬಲ್ಲ ನಮಗೂ ಈ ಭಾವವು ಹೊಸದಲ್ಲ.

ತರುವಾಯ ಅವರೂ ಅವರ ಗೆಳೆಯರೂ ಪುದುಚೇರಿಯ ಶ್ರೀ ಅರವಿಂದರ ಬೋಧನೆಗೆ ಒಲಿದರು. ಸಂಸಾರವನ್ನು ತೊರೆಯದೆ ಬಾಳನ್ನೆಲ್ಲ ದೇವರಿಗೆ ಒಪ್ಪಿಸಬೇಕೆಂಬುದು ಆ ಬೋಧನೆಯ ಸಾರ. ಮಧುರಚೆನ್ನರು ಕಾವಿ ಉಡಲಿಲ್ಲ. ಗೃಹಸ್ಥರಾಗಿಯೇ ಹಲಸಂಗಿಯಲ್ಲಿ ಸಾಧನೆ ಮಾಡಿದರು. 1953ನೆಯ ಇಸವಿ ಆಗಸ್ಟ್ 15ರಂದು, ಐವತ್ತು ತುಂಬಿ ಎರಡೇ ವಾರವಾಗಿರಲು, ದೇಹವನ್ನು ಬಿಟ್ಟರು. ಆ ದಿನವೇ ಅವರ ಗುರುಗಳು ಹುಟ್ಟಿದ ದಿನವೂ ಆಗಿತ್ತು. ಸಿಂಪಿ ಲಿಂಗಣ್ಣನವರು 1993ರ ವರೆಗೆ ಬದುಕಿ ಬರವಣಿಗೆಯ ಕೆಲಸವನ್ನು ಮುಂದುವರಿಸಿದರು.

ಈಗ ನಮ್ಮ ಕಡೆಗೆ ತಿರುಗೋಣ. ಎಮ್ಮಾಹುವಿನ ದಾರಿಯಲ್ಲಿ ನಡೆದವರು ಇಬ್ಬರು. ಅವರು ತಮ್ಮ ದುಃಖವನ್ನೂ ಸಂದೇಹವನ್ನೂ ಒಬ್ಬರಿಗೊಬ್ಬರು ಮರೆಮಾಡಲಿಲ್ಲ. ಹಾಗೆ ಮಾತಾಡುತ್ತಾ ನಡೆಯುತ್ತಿದ್ದವರ ಸಂಗಡಲೇ ಕರ್ತನು ಬಂದು ಕೂಡಿ ಶಾಸ್ತ್ರವನ್ನು ತೆರೆದನು. ನಮ್ಮ ಮನೆಗೂಟಗಳಲ್ಲಿ ನಾವು ಏನು ಮಾಡುತ್ತೇವೆ? ಒಬ್ಬನು ಅಧ್ಯಾಯವನ್ನು ಓದುತ್ತಾನೆ, ಒಬ್ಬನು ಪ್ರಾರ್ಥಿಸುತ್ತಾನೆ, ಎಲ್ಲರೂ ಎದ್ದು ಹೋಗುತ್ತಾರೆ. ಮಳೆಯಿಲ್ಲದೆ ಜೋಳ ಒಣಗಿದ ವರುಷ ದೇವರ ಮೇಲೆ ಹುಟ್ಟಿದ ಗೊಣಗಾಟವನ್ನು, ಅಣ್ಣತಮ್ಮಂದಿರ ಮೇಲಣ ಹಗೆಯನ್ನು, ಮಗುವನ್ನು ಮಣ್ಣಿಗೆ ಒಪ್ಪಿಸಿದ ತಾಯಿಯ ಸಂದೇಹವನ್ನು ಓದಿದ ವಾಕ್ಯದ ಮುಂದೆ ತಂದಿಡುವವರು ಯಾರು? ತಂದಿಟ್ಟರೆ ಬೈಯದೆ ಕೇಳುವವರು ಯಾರು?

ಬೋಧಿಸುವ ನಾವೇ ಈ ವಿಷಯದಲ್ಲಿ ಮೊದಲು ತಪ್ಪಿತಸ್ಥರು. ಯಾಕಂದರೆ ಉತ್ತರ ಹೇಳುವ ಆತುರದಲ್ಲಿ ಪ್ರಶ್ನೆಯನ್ನೇ ಅಡಗಿಸಿದ್ದೇವೆ. ಮುಂದಿನ ಕೂಟದಲ್ಲಿ ಅಧ್ಯಾಯವು ಚಿಕ್ಕದಾಗಲಿ. ಓದಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿರೋಣ. ಆಮೇಲೆ ಆ ವಾಕ್ಯವು ತನ್ನನ್ನು ಎಲ್ಲಿ ಮುಟ್ಟಿತು, ಎಲ್ಲಿ ಮುಟ್ಟಲಿಲ್ಲವೆಂದು ಒಬ್ಬೊಬ್ಬರು ನಿಜವಾಗಿ ಹೇಳಲಿ. ತನ್ನ ಕಾಳರಾತ್ರಿಯನ್ನು ಹೇಳಿಕೊಳ್ಳಲು ಗೆಳೆಯರಿದ್ದವನು ಬೆಳಗಿಗಾಗಿ ಒಂಟಿಯಾಗಿ ಕಾಯುವದಿಲ್ಲ.