ಬೆನಗಲ್ ನರಸಿಂಗ ರಾಯರು

ಕಳೆದ ವರ್ಷ ನಮ್ಮ ತರಗತಿಯಲ್ಲಿ ಅಮೆರಿಕದ ರಾಜ್ಯಾಂಗದ ಪಾಠ ನಡೆಯುತ್ತಿತ್ತು. ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗಗಳನ್ನು ಬೇರೆಬೇರೆಯಾಗಿರಿಸಿ, ಒಂದು ಇನ್ನೊಂದನ್ನು ಅಂಕೆಯಲ್ಲಿಡುವಂತೆ 1787ರಲ್ಲಿ ಆ ದೇಶದವರು ಏರ್ಪಾಡು ಮಾಡಿಕೊಂಡರೆಂದೂ, 1791ರಲ್ಲಿ ಹತ್ತು ತಿದ್ದುಪಡಿಗಳ ಮೂಲಕ ಪ್ರಜೆಗಳ ಹಕ್ಕುಗಳನ್ನು ಅದಕ್ಕೆ ಸೇರಿಸಿದರೆಂದೂ ಅಧ್ಯಾಪಕರು ವಿವರಿಸಿದರು. ಹರಿಹರದ ಹುಡುಗರಾದ ನಮಗೂ ಇದಕ್ಕೂ ಏನು ಸಂಬಂಧವೆಂದು ಹಿಂದಿನ ಬೆಂಚಿನಲ್ಲಿ ಕುಳಿತು ಯೋಚಿಸುತ್ತಿದ್ದವರಲ್ಲಿ ನಾನೂ ಒಬ್ಬ. ಆ ಸಂಬಂಧವನ್ನು ಹುಡುಕುತ್ತ ಹೋದಾಗ ನನಗೆ ದೊರೆತವರು ನಮ್ಮ ನಾಡಿನವರೇ ಆದ ನರಸಿಂಗ ರಾಯರು.

ರಾಯರು ಹುಟ್ಟಿದ್ದು 1887ರ ಫೆಬ್ರವರಿ 26ರಂದು, ದಕ್ಷಿಣ ಕನ್ನಡದಲ್ಲಿ. ತಂದೆ ರಾಘವೇಂದ್ರ ರಾಯರು ವೈದ್ಯರು. ಮಂಗಳೂರಿನ ಕೆನರಾ ಹೈಸ್ಕೂಲಿನಲ್ಲಿ ಓದಿ, ಇಡೀ ಮದರಾಸು ಪ್ರಾಂತಕ್ಕೆ ಮೊದಲಿಗರಾಗಿ ತೇರ್ಗಡೆ ಹೊಂದಿದರು. ಮುಂದೆ ಮದರಾಸಿನ ಪ್ರೆಸಿಡೆನ್ಸಿ ಕಾಲೇಜು, ಅನಂತರ ಕೇಂಬ್ರಿಜ್ಜಿನ ಟ್ರಿನಿಟಿ ಕಾಲೇಜು. ಇಂಗ್ಲಿಷು, ಸಂಸ್ಕೃತ, ಭೌತಶಾಸ್ತ್ರ, ಗಣಿತ ನಾಲ್ಕರಲ್ಲಿಯೂ ಪ್ರಥಮ ದರ್ಜೆ ಪಡೆದವರು ಎಂದರೆ, ಒಂದೊಂದು ವಿಷಯಕ್ಕೂ ಒದ್ದಾಡುವ ನಮ್ಮಂಥವರಿಗೆ ಕೊಂಚ ಭಯವೇ ಆಗುತ್ತದೆ. ಐ.ಸಿ.ಎಸ್. ಅಧಿಕಾರಿಯಾಗಿ ಬಂಗಾಳ ಮತ್ತು ಅಸ್ಸಾಮುಗಳಲ್ಲಿ ದುಡಿದು, 1939ರಲ್ಲಿ ಕಲ್ಕತ್ತೆಯ ಹೈಕೋರ್ಟಿನ ನ್ಯಾಯಾಧೀಶರಾದರು. ನಿವೃತ್ತರಾದ ಮೇಲೆ ಸ್ವಲ್ಪ ಕಾಲ ಕಾಶ್ಮೀರ ಸಂಸ್ಥಾನದ ಪ್ರಧಾನಮಂತ್ರಿಯಾಗಿದ್ದರು. ಅವರ ತಮ್ಮಂದಿರಲ್ಲಿ ರಾಮ ರಾಯರು ರಿಸರ್ವ್ ಬ್ಯಾಂಕಿನ ಗವರ್ನರರಾದರು, ಶಿವ ರಾಯರು ಪತ್ರಿಕೋದ್ಯಮಿಗಳಾದರು.

1946ರಲ್ಲಿ ರಾಯರು ರಾಜ್ಯಾಂಗ ರಚನಾ ಸಭೆಯ ಸಲಹೆಗಾರರಾಗಿ ನೇಮಕಗೊಂಡರು. ಸಂಬಳವಿಲ್ಲದೆ ದುಡಿದರು. ಹೊರದೇಶಗಳ ರಾಜ್ಯಾಂಗಗಳನ್ನು ಅರೆದು ಕುಡಿದು, ಸದಸ್ಯರಿಗೆ ಬೇಕಾದ ಟಿಪ್ಪಣಿಗಳನ್ನು ಬರೆದುಕೊಟ್ಟರು. 1947ರ ಅಕ್ಟೋಬರಿನ ವೇಳೆಗೆ 243 ವಿಧಿಗಳೂ 13 ಅನುಸೂಚಿಗಳೂ ಇದ್ದ ಮೊದಲ ಕರಡು ಅವರ ಕೈಯಿಂದ ಸಿದ್ಧವಾಯಿತು. ಡಾ. ಅಂಬೇಡ್ಕರರ ಅಧ್ಯಕ್ಷತೆಯ ಕರಡು ಸಮಿತಿ ಕೆಲಸಕ್ಕೆ ಕುಳಿತದ್ದು ಇದನ್ನು ಮುಂದಿಟ್ಟುಕೊಂಡೇ. ತಮಗೆ ಸಲ್ಲುತ್ತಿದ್ದ ಕೀರ್ತಿಯಲ್ಲಿ ರಾಯರಿಗೂ ಪಾಲಿದೆಯೆಂದು ಅಂಬೇಡ್ಕರರು 1949ರ ನವೆಂಬರಿನಲ್ಲಿ ಸಭೆಯ ಎದುರಿಗೇ ಒಪ್ಪಿಕೊಂಡರು.

ಕರಡು ಮುಗಿದೊಡನೆ ರಾಯರು ಅಮೆರಿಕ, ಕೆನಡಾ, ಐರ್ಲೆಂಡುಗಳಿಗೆ ಹೊರಟರು. ನನ್ನ ಮನಸ್ಸನ್ನು ಹಿಡಿದಿಟ್ಟದ್ದು ಈ ಪ್ರಯಾಣವೇ. ನ್ಯಾಯಸಮ್ಮತವಾದ ಕ್ರಮವಿಲ್ಲದೆ ಯಾರ ಪ್ರಾಣವನ್ನಾಗಲಿ ಸ್ವಾತಂತ್ರ್ಯವನ್ನಾಗಲಿ ಸ್ವತ್ತನ್ನಾಗಲಿ ಕಸಿಯಕೂಡದೆಂಬ ಮಾತು ಅಮೆರಿಕದ ರಾಜ್ಯಾಂಗದಲ್ಲಿದೆ. ವಕೀಲರು ಇದನ್ನು ಡ್ಯೂ ಪ್ರೋಸೆಸ್ ಎನ್ನುತ್ತಾರೆ. ಕೇಳುವುದಕ್ಕೆ ಹಿತವಾದ ಮಾತು. ಆದರೆ ಈ ಮಾತನ್ನೇ ಆಧಾರವಾಗಿಟ್ಟುಕೊಂಡು 1905ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ನ್ಯೂಯಾರ್ಕಿನ ಒಂದು ಶಾಸನವನ್ನು ರದ್ದುಮಾಡಿತು. ಬ್ರೆಡ್ಡು ಸುಡುವ ಕೆಲಸಗಾರರನ್ನು ದಿನಕ್ಕೆ ಹತ್ತು ಗಂಟೆ, ವಾರಕ್ಕೆ ಅರವತ್ತು ಗಂಟೆಗಿಂತ ಹೆಚ್ಚು ದುಡಿಸಬಾರದೆಂಬ ಶಾಸನವದು. ಮಾಲೀಕನೂ ಕೆಲಸಗಾರನೂ ತಮಗೆ ಬೇಕಾದಂತೆ ಕರಾರು ಮಾಡಿಕೊಳ್ಳುವ ಸ್ವಾತಂತ್ರ್ಯಕ್ಕೆ ಅದರಿಂದ ಭಂಗ ಬರುತ್ತದೆಂಬುದು ಹೆಚ್ಚಿನ ನ್ಯಾಯಾಧೀಶರ ಅಭಿಪ್ರಾಯವಾಗಿತ್ತು.

ನನ್ನ ಅಜ್ಜ ನಮ್ಮೂರಿನ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಲೇತ್ ಯಂತ್ರದ ಮುಂದೆ ನಿಂತು ದುಡಿದವರು. ಆ ಕಾರ್ಖಾನೆ ಈಗ ಮುಚ್ಚಿದೆ. ಪಾಳಿ ಮುಗಿದರೆ ಮನೆಗೆ ಬರಬಹುದೆಂಬುದು ಅವರಿಗೆ ಸೂರ್ಯ ಮುಳುಗಿದಷ್ಟೇ ಸಹಜವಾಗಿತ್ತು. ವಾರಕ್ಕೆ 48 ಗಂಟೆ ಎಂದು ಗೊತ್ತುಮಾಡಿದ್ದು 1948ರ ಕಾರ್ಖಾನೆಗಳ ಕಾಯಿದೆ. ಅಂಥ ಕಾಯಿದೆಯನ್ನು ನಾಲ್ಕಾರು ನ್ಯಾಯಾಧೀಶರು ಕುಳಿತು ಹೊಡೆದುಹಾಕಬಹುದಾಗಿದ್ದರೆ? ರಾಯರ ಅಂಜಿಕೆ ಇದೇ ಬಗೆಯದು. ಅವರಿಗೆ ಮೊದಲೇ ಇದ್ದ ಈ ಅಂಜಿಕೆ ವಾಷಿಂಗ್ಟನ್ನಿನಲ್ಲಿ ನ್ಯಾಯಮೂರ್ತಿ ಫೀಲಿಕ್ಸ್ ಫ್ರಾಂಕ್‌ಫರ್ಟರರನ್ನು ಕಂಡಮೇಲೆ ಗಟ್ಟಿಯಾಯಿತು. ಜನ ಆರಿಸಿದ ಶಾಸನಸಭೆಯ ತೀರ್ಮಾನವನ್ನು ಬೆರಳೆಣಿಕೆಯ ನ್ಯಾಯಾಧೀಶರು ತಡೆಯುವುದು ಪ್ರಜಾಪ್ರಭುತ್ವಕ್ಕೆ ಒಗ್ಗದು, ನ್ಯಾಯಾಲಯಗಳಿಗೂ ಅದು ಹೊರಲಾರದ ಹೊರೆ ಎಂದು ಆ ನ್ಯಾಯಮೂರ್ತಿಗಳೇ ಅವರಿಗೆ ತಿಳಿಸಿದರು. ಬಳಿಕ ಕರಡು ಸಮಿತಿ ಆ ಮಾತನ್ನು ಕೈಬಿಟ್ಟು, ಜಪಾನಿನ 1946ರ ರಾಜ್ಯಾಂಗದ ಮಾದರಿಯಲ್ಲಿ, ಕಾನೂನು ವಿಧಿಸಿದ ಕ್ರಮ ಎಂದು ಬರೆಯಿತು. ಅದೇ ನಮ್ಮ 21ನೆಯ ವಿಧಿ.

ಇದು ಬರಿಯ ಪದಗಳ ಬದಲಾವಣೆಯಲ್ಲ. ವಿಚಾರಣೆಯಿಲ್ಲದೆ ಸೆರೆಮನೆಗೆ ಸೇರಿದವನೊಬ್ಬ ನ್ಯಾಯಾಲಯಕ್ಕೆ ಹೋಗಿ, ಈ ಕಾನೂನೇ ಅನ್ಯಾಯದ್ದು ಎಂದು ಹೇಳಬಹುದೇ ಎಂಬುದು ಪ್ರಶ್ನೆ. ಸಭೆಯಲ್ಲಿ ಮುನ್ಷಿಯವರು ಹಳೆಯ ಮಾತೇ ಬೇಕೆಂದರು. ಅಲ್ಲಾಡಿ ಕೃಷ್ಣಸ್ವಾಮಿ ಅಯ್ಯರರು ಬೇಡವೆಂದರು. ಅಂಬೇಡ್ಕರರಿಗೂ ಮನಸ್ಸು ಒಂದು ಕಡೆ ನಿಲ್ಲಲಿಲ್ಲ. ಬಿಟ್ಟುಹೋದದ್ದನ್ನು ಕೊಂಚವಾದರೂ ತುಂಬಿಕೊಡಲೆಂದು 1949ರ ಸೆಪ್ಟೆಂಬರಿನಲ್ಲಿ ಅವರು ಇಂದಿನ 22ನೆಯ ವಿಧಿಯನ್ನು ತಂದರು. ಬಂಧಿತನಿಗೆ ಕಾರಣ ತಿಳಿಸಬೇಕು, ವಕೀಲರನ್ನು ಕಾಣಗೊಡಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಆದರೆ ಮುನ್ನೆಚ್ಚರಿಕೆಯ ಬಂಧನಕ್ಕೆ ಈ ರಕ್ಷೆಗಳು ಅನ್ವಯಿಸಲಿಲ್ಲ. 1950ರಲ್ಲಿ ಕೇರಳದ ಕಮ್ಯೂನಿಸ್ಟ್ ನಾಯಕ ಎ.ಕೆ. ಗೋಪಾಲನ್ ಅವರು ಅಂಥ ಬಂಧನವನ್ನು ಪ್ರಶ್ನಿಸಿದಾಗ, ಶಾಸನದಲ್ಲಿ ಒಂದು ಕ್ರಮವಿದ್ದರೆ ಸಾಕು, ಅದು ನ್ಯಾಯವೋ ಅಲ್ಲವೋ ಎಂದು ತಾನು ನೋಡುವಂತಿಲ್ಲವೆಂದು ಸುಪ್ರೀಂ ಕೋರ್ಟು ತೀರ್ಪಿತ್ತಿತು. ಕ್ರಮವು ನ್ಯಾಯವಾಗಿಯೂ ಇರಬೇಕೆಂದು ಅದೇ ನ್ಯಾಯಾಲಯ ಹೇಳಿದ್ದು 1978ರಲ್ಲಿ, ಮೇನಕಾ ಗಾಂಧಿಯವರ ಪಾಸ್‌ಪೋರ್ಟಿನ ಮೊಕದ್ದಮೆಯಲ್ಲಿ.

ಇಷ್ಟು ದೊಡ್ಡವರ ಬಗ್ಗೆ ವಿದ್ಯಾರ್ಥಿಯೊಬ್ಬ ತೀರ್ಪು ಹೇಳುವುದು ಅಧಿಕಪ್ರಸಂಗವೆನಿಸಬಹುದು. ಆದರೂ ನನಗೆ ತೋರಿದ್ದನ್ನು ಹೇಳುತ್ತೇನೆ. ಸ್ವತ್ತು ಎಂಬ ಪದವನ್ನು 1947ರ ಏಪ್ರಿಲಿನಲ್ಲಿಯೇ ಆ ವಿಧಿಯಿಂದ ತೆಗೆದಿದ್ದರು. ಕರಡು ಸಮಿತಿ ಸ್ವಾತಂತ್ರ್ಯವನ್ನು ವೈಯಕ್ತಿಕ ಸ್ವಾತಂತ್ರ್ಯವೆಂದು ಬಿಗಿಗೊಳಿಸಿತು. ಕಾರ್ಖಾನೆಯ ಕಾಯಿದೆಗಳಿಗೆ ಅಪಾಯ ಬರುತ್ತಿದ್ದ ಬಾಗಿಲು ಅಷ್ಟರಿಂದಲೇ ಬಹುಪಾಲು ಮುಚ್ಚಿತ್ತು. ಅಜ್ಜನ ಪಾಳಿಯನ್ನು ಕಾಯಲು ಸೆರೆಯಾಳಿನ ಪ್ರಶ್ನೆಯನ್ನು ಬಲಿಗೊಡಬೇಕಾಗಿರಲಿಲ್ಲ. ರಾಯರು ಕಾದದ್ದು ಉಳ್ಳವರ ಹಟದ ವಿರುದ್ಧ. ನಾಳೆ ಸರ್ಕಾರವೇ ಹಟ ಹಿಡಿದೀತೆಂಬುದನ್ನು ಅವರು ಅಷ್ಟಾಗಿ ಗಣಿಸಲಿಲ್ಲವೆಂದು ನನಗನಿಸುತ್ತದೆ.

ಗೋಪಾಲನ್ನರ ತೀರ್ಪು ಬಂದಾಗ ರಾಯರು ವಿಶ್ವಸಂಸ್ಥೆಯಲ್ಲಿ ಭಾರತದ ಪ್ರತಿನಿಧಿಯಾಗಿದ್ದರು. ಅದೇ ವರ್ಷದ ಜೂನಿನಲ್ಲಿ ಕೊರಿಯಾದ ಯುದ್ಧ ಹೊತ್ತಿಕೊಂಡಾಗ ಭದ್ರತಾ ಮಂಡಲಿಯ ಅಧ್ಯಕ್ಷಪೀಠದಲ್ಲಿದ್ದವರು ಅವರೇ. 1952ರಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾದರು. 1953ರ ನವೆಂಬರ್ 30ರಂದು ಜ್ಯೂರಿಚ್ ನಗರದಲ್ಲಿ ತೀರಿಕೊಂಡರು. ಅವರ ಟಿಪ್ಪಣಿಗಳನ್ನು ತಮ್ಮ ಶಿವ ರಾಯರು ಸಂಪಾದಿಸಿ 1960ರಲ್ಲಿ ಇಂಗ್ಲಿಷಿನಲ್ಲಿ ಪುಸ್ತಕವಾಗಿ ಹೊರತಂದರು. ಅಮೆರಿಕದ ಪ್ರಯಾಣದ ವರದಿಯೂ ಅದರಲ್ಲಿದೆ. ನನ್ನ ಅಭಿಪ್ರಾಯವನ್ನು ಒಪ್ಪದ ಗೆಳೆಯರು ಅದನ್ನು ಓದಿ ನನ್ನೊಡನೆ ವಾದಕ್ಕೆ ಬರಲಿ.